ಬೋರೈಡ್ ಸೂಜಿಗಳ ಹಿಂದೆ ದುಡಿದ ಕೈಗಳಿಗೆ

ಮೌಖಿಕ ಪರೀಕ್ಷೆ ಮುಗಿದು ನನ್ನ ಮಹಾಪ್ರಬಂಧ ಅಂಗೀಕಾರವಾಗಿದೆ. ಬೋರೈಡ್‌ನಿಂದ ಬಲಪಡಿಸಿದ ಟೈಟಾನಿಯಂ ಕಾಂಪೋಸಿಟ್‌ಗಳ ತಯಾರಿಕೆ ಮತ್ತು ಸವೆತ ನನ್ನ ವಿಷಯ. ಕಾಂಪೋಸಿಟ್ ಎಂದರೆ ಒಂದು ವಸ್ತುವಿನೊಳಗೆ ಇನ್ನೊಂದನ್ನು ಸೇರಿಸಿ ಮಾಡಿದ ಮಿಶ್ರವಸ್ತು; ಬೋರೈಡ್ ಎಂದರೆ ಲೋಹದೊಡನೆ ಬೋರಾನ್ ಕೂಡಿ ಆದ ಗಟ್ಟಿ ಸಂಯುಕ್ತ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಹೆಸರುಗಳಿಗಷ್ಟೇ ಜಾಗ ಸಿಕ್ಕಿತು. ಆ ಹೆಸರಿನವರು ಏನು ಮಾಡಿದರು ಎಂಬುದನ್ನು ಇಲ್ಲಿ ಹೇಳಬೇಕು.

ಟೈಟಾನಿಯಂ ಹಗುರ, ಗಟ್ಟಿ, ತುಕ್ಕಿಗೆ ಜಗ್ಗದು. ಆದರೆ ಇನ್ನೊಂದು ಲೋಹದ ಮೇಲೆ ಜಾರಿತೆಂದರೆ ಅಂಟಿಕೊಳ್ಳುತ್ತದೆ, ಕಿತ್ತು ಬರುತ್ತದೆ, ಮೈತುಂಬ ಗೀರು ಬೀಳುತ್ತದೆ. ಅದಕ್ಕೊಂದು ಪರಿಹಾರ ಬೋರೈಡ್. ಟೈಟಾನಿಯಂ ಪುಡಿಗೆ ಟೈಟಾನಿಯಂ ಡೈಬೋರೈಡ್ ಬೆರೆಸಿ ಒತ್ತಡದಲ್ಲಿ ಕಾಯಿಸಿದರೆ ಎರಡೂ ಪ್ರತಿಕ್ರಿಯಿಸಿ, ಟೈಟಾನಿಯಂ ಮಾನೊಬೋರೈಡ್ ಎಂಬ ಇನ್ನೊಂದು ಬೋರೈಡ್ ಸೂಕ್ಷ್ಮ ಸೂಜಿಗಳಾಗಿ ಲೋಹದೊಳಗೇ ಬೆಳೆಯುತ್ತದೆ. ಅಲ್ಲೇ ಹುಟ್ಟಿದ್ದರಿಂದ ಸೂಜಿಗೂ ಲೋಹಕ್ಕೂ ನಡುವಿನ ಗಡಿ ಶುದ್ಧವಾಗಿರುತ್ತದೆ. ಎರಡರ ಸಾಂದ್ರತೆಯೂ ಘನ ಸೆಂಟಿಮೀಟರಿಗೆ ಸುಮಾರು 4.5 ಗ್ರಾಂ, ಕಾದಾಗ ಹಿಗ್ಗುವುದರಲ್ಲೂ ಹೆಚ್ಚು ಅಂತರವಿಲ್ಲ. 1998ರಲ್ಲಿ ಬಂದ ಟೊಯೋಟಾ ಆಲ್ಟೆಜಾ ಕಾರಿನ ಎಂಜಿನ್ ಕವಾಟಗಳಲ್ಲಿ ಇದೇ ಬಗೆಯ ವಸ್ತುವಿತ್ತು ಎಂದು ಮೊದಲು ಓದಿದಾಗ ಆದ ಖುಷಿ ಇನ್ನೂ ಆರಿಲ್ಲ.

ಪುಡಿಯನ್ನು ಒತ್ತಿ, ಕರಗಿಸದೆ ಕಾಯಿಸಿ ಗಟ್ಟಿ ಬಿಲ್ಲೆಯಾಗಿಸುವ ಸಿಂಟರಿಂಗ್ ಕುಲುಮೆಯ ತಂತ್ರಜ್ಞರಿಗೆ ನನ್ನ ಮೊದಲ ನಮಸ್ಕಾರ. ನುಣ್ಣನೆಯ ಟೈಟಾನಿಯಂ ಪುಡಿ ಗಾಳಿಯಲ್ಲಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಆರ್ಗಾನ್ ತುಂಬಿದ ಪೆಟ್ಟಿಗೆಯಲ್ಲಿ ಅದನ್ನು ತೂಗುವಾಗ ಅವರು ನಮ್ಮಲ್ಲಿ ಯಾರನ್ನೂ ಒಂಟಿಯಾಗಿ ಬಿಡಲಿಲ್ಲ. ಗ್ರಾಫೈಟ್ ಅಚ್ಚಿನಿಂದ ತೆಗೆದ ಬಿಲ್ಲೆಯ ಮೈಮೇಲೆ ಇಂಗಾಲ ಹೊಕ್ಕು ಗಟ್ಟಿ ಕಾರ್ಬೈಡ್ ಪದರ ಕೂತಿರುತ್ತದೆ. ಅದನ್ನು ಪೂರ್ತಿ ಉಜ್ಜಿ ತೆಗೆಯದೆ ಗಡಸುತನ ಅಳೆದರೆ ಅಳತೆ ಕಾರ್ಬೈಡ್‌ನದಾಗುತ್ತದೆ, ಕಾಂಪೋಸಿಟ್‌ನದಲ್ಲ. ಮೊದಲ ದಿನವೇ ಇದನ್ನು ಹೇಳಿ, ಪ್ರತಿ ಬಿಲ್ಲೆಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಅವರು ಮುಂದಕ್ಕೆ ಕಳಿಸುತ್ತಿದ್ದರು.

ಆ ಕುಲುಮೆ ಕೆಟ್ಟು ತಿಂಗಳುಗಟ್ಟಲೆ ನಿಂತಾಗ ಕೆಲಸವೇ ಕೈಬಿಡುತ್ತದೇನೋ ಎನಿಸಿತ್ತು. ತಮ್ಮ ಪ್ರಯೋಗಾಲಯದ ರಾತ್ರಿ ಪಾಳಿಯನ್ನು ನಮಗೆ ಬಿಟ್ಟುಕೊಟ್ಟ ಗೆಳೆಯರಿಗೆ ಎಷ್ಟು ಹೇಳಿದರೂ ಕಡಿಮೆಯೇ. ನಿದ್ದೆಗೆಟ್ಟು ಬಂದ ನನ್ನನ್ನು ಸಹಿಸಿಕೊಂಡ ಮನೆಯವರಿಗೂ ಅಷ್ಟೇ.

ಮಾದರಿಗಳಿಗೆ ಹೊಳಪು ಕೊಟ್ಟ ಸಹೋದ್ಯೋಗಿಯ ಕೈಯ ಹದವೇ ಬೇರೆ. ಸೂಜಿ ಗಟ್ಟಿ, ಸುತ್ತಲಿನ ಲೋಹ ಮೆದು. ಅವಸರ ಮಾಡಿದರೆ ಲೋಹ ತಗ್ಗಾಗಿ ಸೂಜಿ ಎದ್ದು ನಿಲ್ಲುತ್ತದೆ, ಇಲ್ಲವೇ ಮುರಿದು ಹೋಗಿ ಗುಂಡಿ ಉಳಿಯುತ್ತದೆ. ಆ ಗುಂಡಿಯನ್ನು ನೋಡಿದವರು ವಸ್ತುವಿನೊಳಗೇ ಇದ್ದ ರಂಧ್ರವೆಂದು ಎಣಿಸುತ್ತಾರೆ. ಆ ಸಹೋದ್ಯೋಗಿ ಹದಮಾಡಿದ ಮಾದರಿಯನ್ನು ಆಳವಾಗಿ ಎಚಿಂಗ್ ಮಾಡಿ (ಆಮ್ಲದಿಂದ ಸುತ್ತಲಿನ ಲೋಹವನ್ನು ಕರಗಿಸಿ) ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕತ್ತರಿಸಿದ ತುದಿಯಲ್ಲಿ ಆರು ಮೂಲೆಗಳಿದ್ದ ಸೂಜಿಗಳು ಒಂದರ ಮೇಲೊಂದು ಹಾದು ಮಲಗಿದ್ದವು.

ಇನ್ನು ನನ್ನ ಮಾರ್ಗದರ್ಶಕರು. ಪಿನ್-ಆನ್-ಡಿಸ್ಕ್ ಯಂತ್ರದಲ್ಲಿ ತಿರುಗುವ ಉಕ್ಕಿನ ತಟ್ಟೆಯ ಮೇಲೆ ನಮ್ಮ ವಸ್ತುವಿನ ಪಿನ್ ಉಜ್ಜಿ, ಇಳಿದ ತೂಕ ಬರೆದುಕೊಂಡು ಸುಮ್ಮನಾಗಲು ಅವರು ಬಿಡಲಿಲ್ಲ. ಉದುರಿದ ಪುಡಿಯನ್ನು ಪ್ರತಿ ಸಲವೂ ಕೂಡಿಡಬೇಕು ಎಂದರು. ಇಡೀ ಪ್ರಬಂಧಕ್ಕೆ ಜೀವ ಬಂದದ್ದು ಅಲ್ಲಿಂದ. ಬೋರೈಡ್ ಇಲ್ಲದ ಪಿನ್ ಅಗಲವಾದ, ಹೊಳೆಯುವ ಹಕ್ಕಳೆಗಳನ್ನು ಉದುರಿಸಿತ್ತು: ಅಂಟಿ, ಪದರಪದರವಾಗಿ ಕಿತ್ತು ಬಂದ ಲೋಹ ಅದು. ಬೋರೈಡ್ ಇದ್ದದ್ದರಲ್ಲಿ ಸಿಕ್ಕಿದ್ದು ನುಣ್ಣನೆಯ ಕಪ್ಪು ಪುಡಿ, ಹೆಚ್ಚಿನದು ಆಕ್ಸೈಡ್. ಬೋರೈಡ್ ಇನ್ನೂ ಹೆಚ್ಚಾಗಿ ಗುಂಪುಗಟ್ಟಿದ್ದಲ್ಲಿ ಮುರಿದ ಸೂಜಿಯ ಚೂರುಗಳು ಬಂದವು. ಅವು ಎರಡು ಮೈಗಳ ನಡುವೆ ಸಿಕ್ಕಿ ಪಿನ್ನನ್ನೂ ಉಕ್ಕನ್ನೂ ಕೊರೆದಿದ್ದವು. ಬೋರೈಡ್ ಹೆಚ್ಚಿದಷ್ಟೂ ಸವೆತ ತಗ್ಗುತ್ತದೆ ಎಂದು ಹೇಳಲಾಗದು ಎಂಬ ನನ್ನ ಮುಖ್ಯ ಮಾತಿಗೆ ಆಧಾರ ಆ ಪುಡಿಯೇ.

ಪರೀಕ್ಷಕರು ಪಿನ್ನಿನ ಜೊತೆ ತಟ್ಟೆಯ ಸವೆತವನ್ನೂ ಕೇಳಿದರು. ನ್ಯಾಯವಾದ ಪ್ರಶ್ನೆ: ತಾನು ಉಳಿದು ಜೊತೆಗಾರನನ್ನು ತಿಂದುಹಾಕುವ ಭಾಗದಿಂದ ಯಾವ ಯಂತ್ರಕ್ಕೂ ಉಪಯೋಗವಿಲ್ಲ. ಅವರು ಹೇಳಿದಂತೆ ಒಂದು ಅಧ್ಯಾಯವನ್ನು ಹಿಗ್ಗಿಸಿದ್ದೇನೆ, ಪ್ರಬಂಧ ಅದರಿಂದ ಗಟ್ಟಿಯಾಗಿದೆ.

ಪುಡಿಯ ಸೀಸೆಗಳನ್ನೆಲ್ಲ ಚೀಟಿ ಅಂಟಿಸಿ, ಮುಂದಿನ ವಿದ್ಯಾರ್ಥಿನಿಗೆ ಒಪ್ಪಿಸಿದ್ದೇನೆ. ಎಣ್ಣೆ ಇರುವಾಗ ಈ ಸೂಜಿಗಳು ಹೇಗೆ ವರ್ತಿಸುತ್ತವೆ ಎಂಬುದು ಇನ್ನು ಅವರ ಕೆಲಸ. ಮೊದಲ ಬಿಲ್ಲೆ ಅಚ್ಚಿನಿಂದ ಹೊರಬರುವ ದಿನ ನನ್ನನ್ನೂ ಕರೆಯಬೇಕು ಎಂದು ಕೇಳಿಕೊಂಡಿದ್ದೇನೆ.