ಡ್ಯೂಕ್ ತಂಡದ ಮೇಲೆ ಇಷ್ಟು ಬೇಗ ಬೇಸರ ಬೇಡ

ಮಾನ್ಯ ಸಂಪಾದಕರೇ,

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪುರುಷರ ಬಾಸ್ಕೆಟ್‌ಬಾಲ್ ತಂಡವು 2024ರ ನವೆಂಬರ್‌ನಲ್ಲಿ ಕೆಂಟಕಿ ಎದುರು 77–72ರಿಂದಲೂ ಕ್ಯಾನ್ಸಸ್ ಎದುರು 75–72ರಿಂದಲೂ ಸೋತ ಬಳಿಕ, ತಂಡದ ಬಗೆಗಿನ ನಿರೀಕ್ಷೆಯೇ ಅತಿಯಾಗಿತ್ತೆಂಬ ಮಾತು ಅಭಿಮಾನಿಗಳ ನಡುವೆ ಕೇಳಿಬಂತು. ಇದನ್ನು ನಾನು ಒಪ್ಪುವುದಿಲ್ಲ.

ಅಟ್ಲಾಂಟದಲ್ಲಿ ವಿರಾಮದ ವೇಳೆಗೆ ಒಂಬತ್ತು ಅಂಕಗಳಿಂದ ಮುಂದಿದ್ದ ತಂಡ ಕೆಂಟಕಿ ಎದುರು ಹಿಡಿತ ಕಳೆದುಕೊಂಡದ್ದು ನಿಜ. 26 ಅಂಕ ಹಾಗೂ 12 ರಿಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡನ್ನು ವಶಕ್ಕೆ ತೆಗೆದುಕೊಳ್ಳುವುದು) ಗಳಿಸಿದ್ದ ಡ್ಯೂಕ್‌ನ ಆಟಗಾರ ಕೂಪರ್ ಫ್ಲ್ಯಾಗ್ ಅವರ ಕೈಯಿಂದಲೇ ಕೊನೆಯ ಕ್ಷಣಗಳಲ್ಲಿ ಚೆಂಡು ತಪ್ಪಿದ್ದೂ ನಿಜ. ಆದರೆ ಅವರಿಗೆ ಆಗಿನ್ನೂ 17 ವರ್ಷ. ಅಂಥ ಗಳಿಗೆಯಲ್ಲಿ ಅವರನ್ನೇ ನೆಚ್ಚಿಕೊಂಡ ತರಬೇತುದಾರ ಜಾನ್ ಶೇಯರ್ ಅವರ ನಿರ್ಧಾರ ಸರಿಯೆಂದೇ ನನ್ನ ಭಾವನೆ. ನನ್ನನ್ನು ಹೆಚ್ಚು ಕಾಡಿದ್ದು ಲಾಸ್ ವೇಗಸ್‌ನ ಸೋಲು: ಕ್ಯಾನ್ಸಸ್‌ನ ಪ್ರಮುಖ ಆಟಗಾರ ಹಂಟರ್ ಡಿಕಿನ್ಸನ್ ಅವರನ್ನು ದ್ವಿತೀಯಾರ್ಧದಲ್ಲಿ ರೆಫರಿಗಳು ಅಂಗಣದಿಂದ ಹೊರಗೆ ಕಳುಹಿಸಿದ ಮೇಲೂ ಡ್ಯೂಕ್ ಆ ಅವಕಾಶವನ್ನು ಬಳಸಿಕೊಳ್ಳಲಿಲ್ಲ.

ಈ ಎರಡು ಸೋಲುಗಳ ನಡುವೆಯೇ ತಂಡವು ಅರಿಜೋನಾವನ್ನು ಅದರದೇ ಅಂಗಣದಲ್ಲಿ 69–55ರಿಂದ ಮಣಿಸಿತು. ಎದುರಾಳಿಯನ್ನು ಅವರ ತವರಿನಲ್ಲೇ 55 ಅಂಕಕ್ಕೆ ಕಟ್ಟಿಹಾಕಿದ ರಕ್ಷಣಾ ಆಟವನ್ನು ಟೀಕಾಕಾರರು ಏಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ?

ಡಿಸೆಂಬರ್ 4ರಂದು ಡ್ಯೂಕ್‌ನ ತವರು ಅಂಗಣವಾದ ಕ್ಯಾಮೆರಾನ್ ಒಳಾಂಗಣದಲ್ಲಿ, ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದ ಆಬರ್ನ್ ವಿರುದ್ಧ ತಂಡ 84–78ರಿಂದ ಗೆದ್ದಾಗ, ಬದಲಿಯಾಗಿ ಬಂದ ಹೊಸಬ ಐಸೇಯಾ ಎವನ್ಸ್ ಮೊದಲಾರ್ಧದಲ್ಲೇ ಮೂರು ಅಂಕದ ಆರು ಎಸೆತಗಳನ್ನು ಬುಟ್ಟಿಗೆ ಸೇರಿಸಿದರು. ಎದುರಾಳಿಗಳೆಲ್ಲ ಫ್ಲ್ಯಾಗ್ ಅವರನ್ನೇ ಮುತ್ತಿಕೊಳ್ಳುತ್ತಿದ್ದಾಗ ದೂರದಿಂದ ಗುರಿಯಿಡಬಲ್ಲ ಇಂಥವರಿಗೆ ಹೆಚ್ಚು ಸಮಯ ಆಡುವ ಅವಕಾಶ ಸಿಗಬೇಕಿತ್ತು.

– ಓರ್ವ ಬಾಸ್ಕೆಟ್‌ಬಾಲ್ ಅಭಿಮಾನಿ, ಉತ್ತರ ಕೆರೊಲಿನಾ