ರದ್ದಿಗೆ ಹಾಕುವ ಮುಂಚೆ ತಾರೀಖು ನೋಡಿ

ಮಾನ್ಯ ಸಂಪಾದಕರೇ,

ಹಳೇ ಪೇಪರ್ ಕೂಡಿಡುವ ಹುಚ್ಚು ನನಗೆ. ಅದರಲ್ಲೂ ಅಮೆರಿಕದಲ್ಲಿ ಪಾನನಿಷೇಧ ಇದ್ದ ಕಾಲದ, ಅಂದರೆ 1920ರಿಂದ 1933ರವರೆಗಿನ ಗ್ಯಾಂಗ್‌ಸ್ಟರ್ ಸುದ್ದಿ ಇರುವ ಪತ್ರಿಕೆಗಳು. ಕಲಬುರಗಿಯಲ್ಲಿ ಕೂತು ಶಿಕಾಗೋ ರೌಡಿಗಳ ಉಸಾಬರಿ ನಿನಗ್ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ.

ಹೋದ ವರ್ಷ 1931ರ ಅಕ್ಟೋಬರ್ 25ರ ಒಂದು ಪತ್ರಿಕೆ ಕೈಗೆ ಬಂತು. ಶಿಕಾಗೋ ಗ್ಯಾಂಗ್‌ಸ್ಟರ್‌ಗಳ ನಾಯಕ ಅಲ್ ಕಪೋನ್‌ಗೆ 11 ವರ್ಷ ಜೈಲು ಅಂತ ಮುಖಪುಟದಲ್ಲೇ ಇದೆ. 1929ರ ಫೆಬ್ರುವರಿ 14ರಂದು ಶಿಕಾಗೋದ ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರಲ್ಲ, ಅದು ಕಪೋನ್ ಕಡೆಯವರದೇ ಕೆಲಸ ಅಂತ ಊರೆಲ್ಲ ಮಾತಾಡಿದರೂ ಆ ಕೇಸಿನಲ್ಲಿ ಒಬ್ಬನಿಗೂ ಶಿಕ್ಷೆ ಆಗಲಿಲ್ಲ. ಇವನು ಒಳಗೆ ಹೋದದ್ದು ಇನ್‌ಕಂ ಟ್ಯಾಕ್ಸ್ ಕಟ್ಟದ್ದಕ್ಕೆ! ಹಾಳೆಯ ಅಂಚು ಬೆಲ್ಲದ ಬಣ್ಣಕ್ಕೆ ತಿರುಗಿದೆ, ಮಡಿಕೆ ಬಿಡಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಮೊದಲೇ ಮರದ ತಿರುಳಿನ ಅಗ್ಗದ ಕಾಗದ, ಮೇಲೆ ನಮ್ಮ ಬಿಸಿಲು. ಎಡ ಅಂಚಿನಲ್ಲಿ ಸಾಲಾಗಿ ಹೊಲಿಗೆ ತೂತುಗಳಿವೆ, ಯಾವುದೋ ಲೈಬ್ರರಿಯಲ್ಲಿ ಬೈಂಡ್ ಮಾಡಿಟ್ಟಿದ್ದು ಅಂತ ಕಾಣುತ್ತದೆ. ಮೈಕ್ರೋಫಿಲ್ಮ್ ಬಂದ ಮೇಲೆ ಅಲ್ಲಿನ ಎಷ್ಟೋ ಲೈಬ್ರರಿಗಳು ಮೂಲ ಪ್ರತಿಗಳನ್ನು ಮಾರಿದವು. ಆದರೆ ಫೋಟೋ ತೆಗೆದಿಟ್ಟುಕೊಂಡು ಮಾರಿದವು, ಅಷ್ಟು ಬುದ್ಧಿ ಇತ್ತು.

ಇಲ್ಲಿ? ಎರಡು ತಿಂಗಳ ಹಿಂದೆ ಒಂದು ರದ್ದಿ ಅಂಗಡಿಯಲ್ಲಿ ಹಳೇ ಕನ್ನಡ, ಉರ್ದು ಪತ್ರಿಕೆಗಳ ಬೈಂಡಿನ ರಟ್ಟು ಮಾತ್ರ ಸಿಕ್ಕಿತು. ಬೆನ್ನ ಮೇಲೆ ಇಸವಿ ಬರೆದ ಚೀಟಿ ಹಾಗೇ ಇತ್ತು. ಒಳಗಿನ ಹಾಳೆ ಕಿಲೋ ಲೆಕ್ಕದಲ್ಲಿ ಆಗಲೇ ಹೋಗಿತ್ತು, ಮಿರ್ಚಿ ಕಟ್ಟಲಿಕ್ಕೆ ಇರಬೇಕು. ಯಾವ ಲೈಬ್ರರಿಯದು ಅಂತ ಹೇಳಿ ಸುಮ್ನೆ ಜಗಳ ತೆಗೆಯುವುದಿಲ್ಲ.

ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದ ಶೋಯೆಬುಲ್ಲಾ ಖಾನ್, ನಮ್ಮ ಕಲಬುರಗಿಯೂ ಸೇರಿದ್ದ ನಿಜಾಮರ ಸಂಸ್ಥಾನ ಭಾರತಕ್ಕೆ ಸೇರಲಿ ಅಂತ ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಕೊಲೆಯಾದರು. ಮರುತಿಂಗಳು 17ಕ್ಕೆ ನಿಜಾಮರ ಆಡಳಿತವೇ ಮುಗಿಯಿತು. ಕಪೋನ್ ಪೇಪರು ನನ್ನ ಪೆಟ್ಟಿಗೆಯಲ್ಲಿದೆ. ಆ ಎರಡು ತಿಂಗಳ ಒಂದು ಪೇಪರೂ, ಕನ್ನಡದ್ದಿರಲಿ ಉರ್ದುವಿನದಿರಲಿ, ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಹಳೇ ಮನೆಗಳ ಅಟ್ಟದ ಮೇಲೆ, ಟ್ರಂಕಿನ ತಳಕ್ಕೆ ಹಾಸಿದ ಹಾಳೆಯಲ್ಲಿ ಇದ್ದರೂ ಇರಬಹುದು ಅಲ್ವಾ? ಸುಣ್ಣ ಬಣ್ಣ ಮಾಡಿಸುವಾಗ ಒಮ್ಮೆ ತಾರೀಖು ನೋಡಿ ಅಂತ ಓದುಗರಿಗೆ ನೀವೇ ಒಂದು ಮಾತು ಹೇಳಿ, ಸಂಪಾದಕರೇ. ಪೇಪರ್ ಕೊಡಬೇಕಿಲ್ಲ. ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಲು ಬಿಟ್ಟರೆ ಸಾಕು, ಬೀದರ್ ಆದರೂ ಯಾದಗಿರಿ ಆದರೂ ನಾನೇ ಬರುತ್ತೇನೆ.

— ನಿಮ್ಮ ಓದುಗ, ಕಲಬುರಗಿ