ಹಳದಿ ಗೆರೆ ಎಳೆದ ಪುಟಗಳು

ಕುಂದಾಪುರ
ಭಾನುವಾರ

ಪ್ರೀತಿಯ ಪುಟ್ಟೀ,

ಹೋದ ವಾರ ನಿನ್ನ ಪಿ.ಜಿ. ರೂಮಿಗೆ ಬಂದಿದ್ದಾಗ ನೀನು ಸ್ನಾನಕ್ಕೆ ಹೋಗಿದ್ದೆ. ಕಿಟಕಿ ಪಕ್ಕದಲ್ಲಿದ್ದ ಆ ನಾಲ್ಕು ಪುಸ್ತಕ ತೆಗೆದು ನೋಡಿದೆ. ನಾಲ್ಕೂ ದುಡ್ಡಿನ ಮೇಲೆ ಬರೆದವು. ಪುಟಪುಟಕ್ಕೂ ಹಳದಿ ಗೆರೆ. ಆಮೇಲೆ ಕಾಫಿ ಕುಡಿಯುವಾಗ ನೀನು ಕೇಳಿದೆ, "ದೊಡ್ಡಮ್ಮ, ಇದರಲ್ಲಿ ಹೇಳಿದ ಹಾಗೆ ಮಾಡಿದರೆ ಆಗುತ್ತಾ?" ಬಸ್ಸಿಗೆ ಹೊತ್ತಾಗಿತ್ತು, "ನೋಡೋಣ" ಅಂದು ಹೊರಟುಬಿಟ್ಟೆ. ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು ನಾನು. ಸ್ವಂತ ತಂಗಿಯ ಮಗಳು ಕೇಳಿದ ಪ್ರಶ್ನೆಗೆ ಅಷ್ಟೇ ಹೇಳಿ ಬಂದದ್ದು ಮನಸ್ಸಿಗೆ ಸರಿ ಬರಲಿಲ್ಲ. ಅದಕ್ಕೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ. ಆ ಪುಸ್ತಕಗಳನ್ನು ಎಸೆಯಬೇಡ. ದುಡ್ಡು ಉಳಿಸುವ ಅಭ್ಯಾಸದ ಬಗ್ಗೆ ಅವು ಹೇಳುವುದು ಬಹುಪಾಲು ಸರಿ. ಉಳಿಸಿದ್ದನ್ನು ಎಲ್ಲಿ ಹಾಕಬೇಕು, ಎಷ್ಟು ಬರುತ್ತದೆ ಅನ್ನುವ ಭಾಗ ಬಂದಾಗ ಹಳದಿ ಪೆನ್ನು ಕೆಳಗಿಡು. ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಮಾಡು.

ನಿನ್ನ ಅಜ್ಜಿ ಇಂಥ ಒಂದು ಪುಸ್ತಕವನ್ನೂ ಓದಿದವಳಲ್ಲ. ಹಪ್ಪಳ ಮಾಡಿ ಮಾರುತ್ತಿದ್ದಳು. ಸಂಜೆ ಐದೂವರೆಗೆ ಪಿಗ್ಮಿಯವರು, ಅಂದರೆ ದಿನದಿನದ ಉಳಿತಾಯದ ದುಡ್ಡು ಕೂಡಿಸುವ ಬ್ಯಾಂಕಿನವರು, ಸೈಕಲ್ಲಿನಲ್ಲಿ ಬರುತ್ತಿದ್ದರು. ಅಮ್ಮ ಬೆಳಿಗ್ಗೆಯೇ ಒಂದು ರೂಪಾಯಿ ನೋಟನ್ನು ನಾಲ್ಕು ಮಡಿಕೆ ಮಾಡಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಇಡುತ್ತಿದ್ದಳು. ಮನೆಯಲ್ಲಿ ಸಕ್ಕರೆ ಮುಗಿದಿದ್ದರೂ ಆ ನೋಟಿಗೆ ಯಾರೂ ಕೈ ಹಾಕುವ ಹಾಗಿಲ್ಲ. ಐಸ್‌ಕ್ಯಾಂಡಿ ಆಸೆಗೆ ನಿನ್ನ ಅಮ್ಮ ಒಂದು ಸಲ ಅದನ್ನು ತೆಗೆದು ಪೆಟ್ಟು ತಿಂದಿದ್ದಾಳೆ, ಕೇಳಿ ನೋಡು. ಈ ಪಿಗ್ಮಿ ನಮ್ಮ ಉಡುಪಿ ಸೀಮೆಯಲ್ಲೇ 1928ರಲ್ಲಿ ಶುರುವಾದದ್ದು. ಟಿ.ಎಂ.ಎ. ಪೈಯವರ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಿತ್ತು. ಬಡ್ಡಿ ಲೆಕ್ಕ ಹಾಕಿದರೆ ಪಿಗ್ಮಿ ಹೇಳಿಕೊಳ್ಳುವಂಥದ್ದಲ್ಲ. ನಡುವೆ ಮುರಿದರೆ ಇನ್ನೂ ಕಡಿಮೆ. ಆದರೆ ನನ್ನ ಬಿ.ಕಾಂ. ಫೀಸು ಕಟ್ಟಿದ್ದು ಆ ದುಡ್ಡೇ.

ಸಂಬಳ ಬಂದ ದಿನವೇ ನಿನ್ನ ಪಾಲು ತೆಗೆದಿಡು, ಉಳಿದದ್ದರಲ್ಲಿ ಖರ್ಚು ಮಾಡು ಅಂತ ನಿನ್ನ ಪುಸ್ತಕಗಳು ಹೇಳುತ್ತವಲ್ಲ, ಅದು ಕ್ಯಾಲೆಂಡರಿನ ಹಿಂದಿನ ಆ ನೋಟೇ. ಅಷ್ಟು ಮಾತ್ರ ಕಲಿತರೂ ಪುಸ್ತಕದ ದುಡ್ಡು ವಸೂಲಾಯಿತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಚೋಯ್ ಅಂತ ಒಬ್ಬರು ಪ್ರೊಫೆಸರ್ ಇದ್ದಾರೆ. ಅವರು ಇಂಥ 50 ಜನಪ್ರಿಯ ಪುಸ್ತಕಗಳನ್ನು ಓದಿ, ಅವುಗಳ ಮಾತನ್ನು ಅರ್ಥಶಾಸ್ತ್ರದವರ ಮಾತಿನ ಪಕ್ಕದಲ್ಲಿಟ್ಟು ನೋಡಿ, 2022ರಲ್ಲಿ ಒಂದು ಲೇಖನ ಬರೆದರು. ಎಷ್ಟೋ ಕಡೆ ಎರಡೂ ಕೂಡುವುದಿಲ್ಲ. ಪುಸ್ತಕದವರು ವಯಸ್ಸು ಎಷ್ಟೇ ಇರಲಿ, ಪ್ರತಿ ತಿಂಗಳೂ ಸಂಬಳದಲ್ಲಿ ಇಷ್ಟು ಪಾಲು ಉಳಿಸು ಅನ್ನುತ್ತಾರೆ. ಪ್ರೊಫೆಸರುಗಳ ಲೆಕ್ಕ ಬೇರೆ. ಚಿಕ್ಕ ವಯಸ್ಸಿನಲ್ಲಿ ಸಂಬಳ ಕಡಿಮೆ, ಮುಂದೆ ಏರುತ್ತದೆ, ಹಾಗಾಗಿ ಈಗ ಕಡಿಮೆ ಉಳಿಸಿ ನಡುವಯಸ್ಸಿನಲ್ಲಿ ಜಾಸ್ತಿ ಉಳಿಸಿದರೂ ತಪ್ಪಿಲ್ಲ ಅನ್ನುತ್ತಾರೆ. ಆದರೆ ಚೋಯ್ ಪುಸ್ತಕಗಳನ್ನು ತಳ್ಳಿಹಾಕುವುದಿಲ್ಲ. ಮನುಷ್ಯರ ಮನಸ್ಸು ಎಷ್ಟು ಗಟ್ಟಿ, ಎಷ್ಟು ಸಡಿಲ ಅನ್ನುವುದನ್ನು ಆ ಪುಸ್ತಕಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ ಅನ್ನುತ್ತಾರೆ.

ಈ ಒಂದು ವಿಷಯದಲ್ಲಿ ನಾನು ಪುಸ್ತಕದ ಕಡೆ. ಸಂಬಳ ಏರಿದ ಮೇಲೆ ಉಳಿಸುತ್ತೇನೆ ಅಂದವರನ್ನು ಕೌಂಟರಿನ ಆಚೆ ಎಷ್ಟೋ ಜನರನ್ನು ನೋಡಿದ್ದೇನೆ. ಸಂಬಳ ಏರಿತು, ಜೊತೆಗೆ ಮನೆ ಬಾಡಿಗೆಯೂ ಏರಿತು, ಕಾರೂ ಬಂತು. ಆದರೆ ಹೋದ ವರ್ಷ ನಿನ್ನ ಅಪ್ಪನ ಆಪರೇಷನ್ ಆದಾಗ ನಾಲ್ಕು ತಿಂಗಳು ನಿನಗೆ ಏನೂ ಉಳಿಸಲು ಆಗಲಿಲ್ಲ. ಅದಕ್ಕೆ ನೀನು ಕಣ್ಣೀರು ಹಾಕಿದೆಯಂತೆ. ಯಾಕೆ ಪುಟ್ಟೀ? ದುಡ್ಡು ಇರುವುದು ಅಂಥದ್ದಕ್ಕೇ ಅಲ್ವಾ? ಪುಸ್ತಕದ ಶೇಕಡಾವಾರು ತಪ್ಪಿತು ಅಂತ ಯಾರೂ ಕೊರಗಬಾರದು.

ಇನ್ನು ನಿನ್ನ ಸಾಲದ ವಿಷಯ. ನೀನು ನನಗೆ ತೋರಿಸಿದ ಪಟ್ಟಿ ನೆನಪಿದೆ. ಲ್ಯಾಪ್‌ಟಾಪಿನ ಕಂತು 18,000 ಬಾಕಿ, ಬಡ್ಡಿ ಇಲ್ಲ. ಕ್ರೆಡಿಟ್ ಕಾರ್ಡು 85,000, ತಿಂಗಳಿಗೆ ಶೇ 3.5. ಓದಿನ ಸಾಲ 4 ಲಕ್ಷ, ವರ್ಷಕ್ಕೆ ಶೇ 10. ಎಲ್ಲಕ್ಕಿಂತ ಚಿಕ್ಕ ಸಾಲ ಮೊದಲು ತೀರಿಸು, ಧೈರ್ಯ ಬರುತ್ತದೆ ಅಂತ ನಿನ್ನ ಒಂದು ಪುಸ್ತಕ ಹೇಳಿದೆ. ನೀನು ಲ್ಯಾಪ್‌ಟಾಪಿನದ್ದು ಮೊದಲು ಮುಗಿಸಲು ಹೊರಟಿದ್ದೀಯ. ಒಂದು ಸಲ ಲೆಕ್ಕ ಮಾಡು. ಕಾರ್ಡಿನ ಬಾಕಿಗೆ ಒಂದು ತಿಂಗಳ ಬಡ್ಡಿಯೇ ಸುಮಾರು 2,975 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಬೇರೆ. ಬಡ್ಡಿಯೇ ವರ್ಷಕ್ಕೆ ಶೇ 42. ಇಷ್ಟು ಲಾಭವನ್ನು ಖಚಿತವಾಗಿ ಕೊಡುವ ಹೂಡಿಕೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಹಾಗಾಗಿ ಕಾರ್ಡು ತೀರಿಸುವುದೇ ಈಗ ನಿನ್ನ ಅತಿ ದೊಡ್ಡ ಹೂಡಿಕೆ. ಲ್ಯಾಪ್‌ಟಾಪ್ ತನ್ನ ಪಾಡಿಗೆ ಹೋಗಲಿ, ಕಂತು ಮಾತ್ರ ತಪ್ಪಿಸಬೇಡ. ಓದಿನ ಸಾಲ ಕೊನೆಗೆ. ಕಾರ್ಡು ತೀರುವ ತನಕ ಎಸ್.ಐ.ಪಿ.ಯೂ, ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಇಷ್ಟು ಅಂತ ಹಾಕುವುದೂ, ಬೇಡ.

ಈಗ ಗಳಿಕೆಯ ಅಂಕಿಗಳ ಮಾತು. ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬಿಯರ್ಡ್ಸ್‌ಟೌನ್ ಅಂತ ಒಂದು ಸಣ್ಣ ಊರು. ಅಲ್ಲಿಯ ಹೆಂಗಸರು, ಹೆಚ್ಚಿನವರು ವಯಸ್ಸಾದವರು, ಸೇರಿ ಒಂದು ಷೇರು ಕೂಟ ಕಟ್ಟಿಕೊಂಡಿದ್ದರು. ತಿಂಗಳು ತಿಂಗಳು ಇಷ್ಟು ಅಂತ ದುಡ್ಡು ಹಾಕಿ ಷೇರು ಕೊಳ್ಳುವುದು. ನಮ್ಮ ಸ್ವಸಹಾಯ ಸಂಘದ ಹಾಗೆಯೇ ಅಂದುಕೋ. ಹತ್ತು ವರ್ಷದಲ್ಲಿ ವರ್ಷಕ್ಕೆ ಸರಾಸರಿ ಶೇ 23.4 ಗಳಿಸಿದೆವು ಅಂತ ಅವರು 1994ರಲ್ಲಿ ಪುಸ್ತಕ ತಂದರು. ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಟಿ.ವಿ.ಯಲ್ಲಿ ಬಂದರು, ಊರೂರಿಗೆ ಹೋಗಿ ಮಾತಾಡಿದರು. ಆಮೇಲೆ ಒಂದು ಪತ್ರಿಕೆಯವರ ಕಣ್ಣು ಆ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿದ್ದ ಒಂದು ಮಾತಿನ ಮೇಲೆ ಬಿತ್ತು. ಲಾಭ ಅಂತ ತೋರಿಸಿದ್ದರಲ್ಲಿ ಸದಸ್ಯರು ತಿಂಗಳು ತಿಂಗಳು ಹಾಕಿದ ದುಡ್ಡೂ ಸೇರಿತ್ತು! 1998ರಲ್ಲಿ ಲೆಕ್ಕ ಪರಿಶೋಧಕರು ಕೂತು ನೋಡಿದಾಗ ನಿಜವಾದ ಗಳಿಕೆ ವರ್ಷಕ್ಕೆ ಶೇ 9.1 ಅಂತ ಬಂತು. ಅದೇ ಹತ್ತು ವರ್ಷ ಏನೂ ತಲೆ ಓಡಿಸದೆ ಇಡೀ ಮಾರುಕಟ್ಟೆಯ ಇಂಡೆಕ್ಸ್, ಅಂದರೆ ದೊಡ್ಡ ಕಂಪನಿಗಳ ಷೇರುಗಳ ಪಟ್ಟಿಯನ್ನೇ ಹಾಗೆಯೇ ಹಿಡಿದಿದ್ದರೆ ಸುಮಾರು ಶೇ 14.9 ಸಿಗುತ್ತಿತ್ತು.

ಆ ಹೆಂಗಸರು ಮೋಸ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಸ್ವಸಹಾಯ ಸಂಘಗಳ ಲೆಕ್ಕದ ಪುಸ್ತಕಗಳನ್ನು ನಾನೇ ಎಷ್ಟೋ ವರ್ಷ ನೋಡಿದ್ದೇನೆ. ಹಾಕಿದ ದುಡ್ಡು, ಬಂದ ಬಡ್ಡಿ ಎರಡನ್ನೂ ಒಂದೇ ಕಾಲಂನಲ್ಲಿ ಬರೆದು "ಈ ವರ್ಷ ಇಷ್ಟು ಬೆಳೆಯಿತು ಮೇಡಂ" ಅಂತ ಖುಷಿಯಲ್ಲಿ ತಂದು ತೋರಿಸುತ್ತಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ಕೆಂಪು ಪೆನ್ನಿನಲ್ಲಿ ಎರಡು ಕಾಲಂ ಎಳೆದು ಕೊಡುತ್ತಿದ್ದೆ. ನನ್ನನ್ನು ಕಾಡುವುದು ಬೇರೆ ಮಾತು. ಅಷ್ಟು ಲಕ್ಷ ಓದುಗರಲ್ಲಿ ಹೆಚ್ಚಿನವರು ಆ ಎರಡು ಕಾಲಂ ಎಳೆದು ನೋಡದೆ ನಂಬಿದರಲ್ಲ.

ನಿನ್ನ ಪುಸ್ತಕದ 114ನೇ ಪುಟದಲ್ಲಿ ನೀನು ಎರಡು ಸಲ ಗೆರೆ ಎಳೆದಿದ್ದೀಯ. ತಿಂಗಳಿಗೆ 10,000 ಹಾಕಿದರೆ, ವರ್ಷಕ್ಕೆ ಶೇ 12ರಂತೆ, 30 ವರ್ಷಕ್ಕೆ ಮೂರೂವರೆ ಕೋಟಿ. ಲೆಕ್ಕ ಸರಿಯಾಗಿದೆ, ನಾನೂ ಮಾಡಿ ನೋಡಿದೆ. ಆದರೆ ಶೇ 12ರ ಬದಲು ಶೇ 10 ಬಂದರೆ ಅದು 2.26 ಕೋಟಿ. ಎರಡೇ ಎರಡು ಅಂಕಿಗೆ ಒಂದೂಕಾಲು ಕೋಟಿ ಹೋಯಿತು. ಇನ್ನು ಬೆಲೆ ಏರಿಕೆ ವರ್ಷಕ್ಕೆ ಶೇ 6 ಅಂತ ಹಿಡಿದರೆ, ಪುಸ್ತಕದ ಆ ಮೂರೂವರೆ ಕೋಟಿಗೆ ಇವತ್ತಿನ ಬೆಲೆ ಬರೀ 60 ಲಕ್ಷದ ಆಸುಪಾಸು. ತೆರಿಗೆ ಬೇರೆ. 60 ಲಕ್ಷ ಸಣ್ಣ ದುಡ್ಡಲ್ಲ, ಖಂಡಿತ ಹಾಕು. ಆದರೆ ಮೂರೂವರೆ ಕೋಟಿ ಅಂದುಕೊಂಡು ಈಗಲೇ ಮನಸ್ಸಿನಲ್ಲಿ ಖರ್ಚು ಮಾಡಬೇಡ.

ಇನ್ನೊಂದು ಮಾತು. ಮ್ಯೂಚುವಲ್ ಫಂಡಿನಲ್ಲಿ ಡೈರೆಕ್ಟ್ ಪ್ಲಾನ್ ಅಂತ 2013ರಿಂದ ಇದೆ, ಏಜೆಂಟರ ಕಮಿಷನ್ ಅದರಲ್ಲಿ ಇರುವುದಿಲ್ಲ. ವರ್ಷಕ್ಕೆ ಒಂದೇ ಒಂದು ಶೇಕಡಾ ಖರ್ಚು ಜಾಸ್ತಿ ಆದರೂ ಇದೇ ಲೆಕ್ಕದಲ್ಲಿ ಮೂರೂವರೆ ಕೋಟಿ 2.8 ಕೋಟಿ ಆಗುತ್ತದೆ. ಎಪ್ಪತ್ತು ಲಕ್ಷ! ಹಣೆಬರಹ ಬದಲಿಸುವ ಗುಟ್ಟುಗಳಿಗೆ ಹತ್ತು ಅಧ್ಯಾಯ ಕೊಟ್ಟ ಆ ಪುಸ್ತಕ ಈ ಖರ್ಚಿನ ಮಾತಿಗೆ ಅರ್ಧ ಪುಟವನ್ನೂ ಕೊಟ್ಟಿಲ್ಲ. ಪುಸ್ತಕಗಳಲ್ಲಿ ನನಗೆ ನಿಜವಾಗಿ ಸಿಟ್ಟು ಬರುವುದು ಇಂಥ ಜಾಗದಲ್ಲಿ. ಮಾರುಕಟ್ಟೆ ನಮ್ಮ ಕೈಯಲ್ಲಿಲ್ಲ, ಖರ್ಚು ನಮ್ಮ ಕೈಯಲ್ಲಿದೆ. ಇಂಡೆಕ್ಸ್ ಫಂಡ್ ಹಿಡಿ ಅಂತ ಹೇಳುವ ಪುಸ್ತಕಗಳ ಮೇಲೆ ನನಗೆ ಗೌರವ ಇರುವುದೂ ಇದಕ್ಕೇ.

ಸಾಲ ಮಾಡಿ ಫ್ಲಾಟ್ ತೆಗೆದುಕೋ, ಬಾಡಿಗೆಯೇ ಕಂತು ಕಟ್ಟುತ್ತದೆ ಅಂತ ಮತ್ತೊಂದು ಪುಸ್ತಕದಲ್ಲಿದೆ. ಅದನ್ನು ಬರೆದದ್ದು ಅಮೆರಿಕದಲ್ಲಿ. ಅಲ್ಲಿ 30 ವರ್ಷ ಬಡ್ಡಿ ಬದಲಾಗದ ಮನೆಸಾಲ ಮಾಮೂಲು. ನಮ್ಮಲ್ಲಿ ಬಡ್ಡಿ ನಡುನಡುವೆ ಏರುತ್ತದೆ, ಇಳಿಯುತ್ತದೆ. ನಿನ್ನ ಆಫೀಸಿನ ಹತ್ತಿರದ ಫ್ಲಾಟಿಗೆ 80 ಲಕ್ಷ ಅಂದೆಯಲ್ಲ, ಬಾಡಿಗೆ 25,000. ಕೈಯಿಂದ 16 ಲಕ್ಷ ಹಾಕಿ 64 ಲಕ್ಷ ಸಾಲ ಮಾಡಿದರೆ, ಶೇ 8.5ರಲ್ಲಿ, 20 ವರ್ಷಕ್ಕೆ, ಕಂತು ಸುಮಾರು 55,500. ಬಾಡಿಗೆ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ವಾಸಕ್ಕೆ ಮನೆ ಬೇಕಾದರೆ ಅದು ಬೇರೆ ಮಾತು, ಆಗ ಕೂತು ಮಾತಾಡೋಣ.

ನಾಲ್ಕನೆಯದು ಆಪ್ಷನ್ ಟ್ರೇಡಿಂಗ್ ಪುಸ್ತಕ, ಷೇರಿನ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಅಂತ ಪಣ ಕಟ್ಟುವ ವ್ಯವಹಾರದ್ದು. ಅದನ್ನು ಮುಚ್ಚಿಡು. 2024ರ ಮಾರ್ಚಿಗೆ ಮುಗಿದ ಮೂರು ವರ್ಷದಲ್ಲಿ ಫ್ಯೂಚರ್ಸ್ ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ದುಡ್ಡು ಕಳೆದುಕೊಂಡರು ಅಂತ ಷೇರು ಮಾರುಕಟ್ಟೆಯ ಮೇಲ್ವಿಚಾರಣೆ ನೋಡುವ ಸೆಬಿಯೇ ಲೆಕ್ಕ ಕೊಟ್ಟಿದೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ. 2007ರಲ್ಲಿ ನಾನೂ ಇಂಥ ಒಂದು ಪುಸ್ತಕ ಓದಿದ್ದೆ. "ಬೀಳುವಾಗ ಮಾರಬೇಡ" ಅನ್ನುವ ಸಾಲಿಗೆ ಗೆರೆ ಎಳೆದಿದ್ದೆ. ನಿನ್ನ ಅಣ್ಣನ ಇಂಜಿನಿಯರಿಂಗ್ ಫೀಸಿಗೆ ಅಂತ ಇಟ್ಟಿದ್ದ 3 ಲಕ್ಷವನ್ನು ಷೇರಿನ ಫಂಡಿಗೆ ಹಾಕಿದೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ದಾಟಿತ್ತು. ಅಕ್ಟೋಬರ್ ಕೊನೆಯಲ್ಲಿ ಒಂದು ದಿನ 8,000ಕ್ಕೂ ಕೆಳಗೆ ಇಳಿಯಿತು. ರಾತ್ರಿ ಎದ್ದು ಅಡುಗೆಮನೆಯಲ್ಲಿ ಲೈಟು ಹಾಕದೆ ಕೂತಿರುತ್ತಿದ್ದೆ. ಮುಂದಿನ ಜುಲೈಗೆ ಕಾಲೇಜಿಗೆ ಫೀಸು ಕಟ್ಟಬೇಕು. ಒಂದು ಬೆಳಿಗ್ಗೆ ಫಾರಂ ತುಂಬಿ ಎಲ್ಲ ಮಾರಿದೆ. ಒಂದೂವರೆ ಲಕ್ಷವೂ ಪೂರ್ತಿ ಬರಲಿಲ್ಲ. 2010ರ ದೀಪಾವಳಿಗೆ ಸೆನ್ಸೆಕ್ಸ್ ಮತ್ತೆ 21,000ಕ್ಕೆ ಬಂತು.

ಬಹಳ ವರ್ಷ ನನಗೆ ಧೈರ್ಯ ಸಾಲಲಿಲ್ಲ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಪುಸ್ತಕ ಹೇಳಿದ್ದು ದೀರ್ಘಕಾಲದ ಮಾತು. ನನ್ನ ದುಡ್ಡಿಗೆ ಇದ್ದದ್ದು ಎರಡೇ ವರ್ಷ. ಆ ದುಡ್ಡು ಅಲ್ಲಿ ಇರಲೇಬಾರದಿತ್ತು, ಎಫ್.ಡಿ.ಯಲ್ಲಿ ಇರಬೇಕಿತ್ತು. ಯಾವ ದುಡ್ಡು ಯಾವಾಗ ಬೇಕು ಅನ್ನುವುದು ನಮ್ಮ ಮನೆಯ ವಿಷಯ, ಅದನ್ನು ಪುಸ್ತಕ ಬರೆದವರು ಹೇಳಲಾರರು. ದೀರ್ಘಕಾಲ ಅಂದರೂ ಎಷ್ಟು ಅಂತ ಕೇಳಬೇಕು. ಜಪಾನಿನ ಷೇರು ಸೂಚ್ಯಂಕ ನಿಕ್ಕೈ 1989ರ ಕೊನೆಗೆ ಏರಿದ್ದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ. ಅದಕ್ಕೇ ಎಲ್ಲವನ್ನೂ ಷೇರಿಗೆ ಹಾಕಬೇಡ ಅನ್ನುವುದು. ಸರ್ಕಾರದ ದೀರ್ಘಕಾಲದ ಉಳಿತಾಯ ಯೋಜನೆ ಪಿ.ಪಿ.ಎಫ್.ನಲ್ಲಿ ಸ್ವಲ್ಪ, ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚು, ಅದಾದ ಮೇಲೆ ಹತ್ತು ವರ್ಷ ಮುಟ್ಟದ ದುಡ್ಡು ಮಾತ್ರ ಇಂಡೆಕ್ಸ್ ಫಂಡಿಗೆ.

ಯುಗಾದಿಗೆ ಬರುವಾಗ ನಾಲ್ಕೂ ಪುಸ್ತಕ ತಾ. ಗೆರೆ ಎಳೆದ ಜಾಗಗಳನ್ನು ಇಬ್ಬರೂ ಕೂತು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಕಾರ್ಡಿನ ಬಿಲ್ಲು ಯಾವ ತಾರೀಕಿಗೆ ಬರುತ್ತದೆ ಅಂತ ಮೆಸೇಜ್ ಮಾಡು. 20,000 ನಾನು ಕಳಿಸುತ್ತೇನೆ, ಪೂರ್ತಿ ಕಾರ್ಡಿಗೇ ಕಟ್ಟು. ಬಡ್ಡಿ ಏನೂ ಬೇಡ. ಕಾರ್ಡು ತೀರಿದ ಮೇಲೆ ತಿಂಗಳಿಗೆ 2,000ದಂತೆ ನನ್ನ ಖಾತೆಗೆ ವಾಪಸ್ ಹಾಕು, ಸಂಬಳ ಬಂದ ದಿನವೇ.

ಇಂತಿ ನಿನ್ನ
ದೊಡ್ಡಮ್ಮ